ವರ್ಕ್‌ಫ್ಲೋ ಆಟೋಮೇಷನ್ ವೇದಿಕೆಗಳು: ಕೆಲಸ ಅರ್ಧಕ್ಕೆ ನಿಂತಾಗ ಯಾವುದು ಕೈಹಿಡಿಯುತ್ತದೆ?

ಕಚೇರಿಯ ದೈನಂದಿನ ಕೆಲಸಗಳನ್ನು ತಾವಾಗಿಯೇ ನಡೆಸಿಕೊಂಡು ಹೋಗುವ ಸಾಫ್ಟ್‌ವೇರ್ ವೇದಿಕೆಗಳನ್ನು ಹೋಲಿಸುವವರು ಸಾಮಾನ್ಯವಾಗಿ ಯಾವುದು ಎಷ್ಟು ಆ್ಯಪ್‌ಗಳೊಂದಿಗೆ ಹೊಂದಿಕೊಳ್ಳುತ್ತದೆ ಎಂಬ ಲೆಕ್ಕದಿಂದ ಆರಂಭಿಸುತ್ತಾರೆ. ಆ ಲೆಕ್ಕಕ್ಕೆ ನಾನು ಹೆಚ್ಚಿನ ಬೆಲೆ ಕೊಡುವುದಿಲ್ಲ. ಒಂದು ಸಂಸ್ಥೆ ನಿಜವಾಗಿ ಬಳಸುವ ಆ್ಯಪ್‌ಗಳು ಕೆಲವೇ ಕೆಲವು, ಅವು ಬಹುಮಟ್ಟಿಗೆ ಎಲ್ಲ ವೇದಿಕೆಗಳಲ್ಲೂ ಸಿಗುತ್ತವೆ. ಎಲ್ಲವೂ ಸರಿಯಾಗಿ ನಡೆಯುವ ದಿನ ಎಲ್ಲ ವೇದಿಕೆಗಳೂ ಒಳ್ಳೆಯವೇ. ಒಂದು ಹಂತ ಮುರಿದುಬಿದ್ದಾಗ ಅದರ ಸುದ್ದಿ ಯಾರಿಗೆ ತಲುಪುತ್ತದೆ, ಅರ್ಧಕ್ಕೆ ನಿಂತ ಕೆಲಸ ಎಲ್ಲಿಂದ ಮುಂದುವರಿಯುತ್ತದೆ, ಮನುಷ್ಯರ ಒಪ್ಪಿಗೆಗಾಗಿ ಎಷ್ಟು ದಿನ ಕಾಯುತ್ತದೆ ಎಂಬುದರಲ್ಲಿ ಅವುಗಳ ಯೋಗ್ಯತೆ ಗೊತ್ತಾಗುತ್ತದೆ. ಈ ವಿಮರ್ಶೆಯಲ್ಲಿ ಜ್ಯಾಪಿಯರ್, ಮೇಕ್, ಮೈಕ್ರೋಸಾಫ್ಟ್ ಪವರ್ ಆಟೋಮೇಟ್, ಎನ್‌ಏಟ್‌ಎನ್ ಮತ್ತು ಕಮುಂಡಾಗಳನ್ನು ಆ ದೃಷ್ಟಿಯಿಂದಲೇ ನೋಡಿದ್ದೇನೆ.

ಅಳತೆಗೋಲಾಗಿ ಎಲ್ಲರಿಗೂ ಪರಿಚಿತವಾದ ಒಂದು ಕೆಲಸವನ್ನು ಇಟ್ಟುಕೊಳ್ಳೋಣ. ಪೂರೈಕೆದಾರರ ಬಿಲ್ ಇಮೇಲ್‌ನಲ್ಲಿ ಬರುತ್ತದೆ. ಅದರ ಪಿಡಿಎಫ್‌ನಿಂದ ಬಿಲ್ ಸಂಖ್ಯೆ, ದಿನಾಂಕ ಮತ್ತು ಮೊತ್ತವನ್ನು ಓದಿಕೊಳ್ಳಬೇಕು. ಮೊತ್ತ ನಿಗದಿತ ಮಿತಿ ದಾಟಿದ್ದರೆ ಮ್ಯಾನೇಜರ್ ಒಪ್ಪಿಗೆ ಪಡೆಯಬೇಕು. ಆ ಬಳಿಕ ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ ಎಂಟ್ರಿ ಆಗಬೇಕು. ಈ ಕೊನೆಯ ಹಂತದಲ್ಲಿ ಸರ್ವರ್ ಎಂಟ್ರಿಯನ್ನು ಬರೆದುಕೊಂಡಿತು, ಆದರೆ ಉತ್ತರ ಕಳುಹಿಸಲು ತಡಮಾಡಿತು ಎಂದುಕೊಳ್ಳಿ. ವೇದಿಕೆಗೆ ಕಾಣುವುದು ಟೈಮ್‌ಔಟ್, ಅಂದರೆ ಕಾಯುವ ಸಮಯ ಮೀರಿತು ಎಂಬ ಸೂಚನೆ ಮಾತ್ರ. ಮರುಪ್ರಯತ್ನದ ವ್ಯವಸ್ಥೆ ಇದ್ದರೆ ಅದು ಮತ್ತೊಮ್ಮೆ ಕಳುಹಿಸುತ್ತದೆ, ಅದೇ ಬಿಲ್ ಎರಡನೇ ಸಲ ದಾಖಲಾಗುತ್ತದೆ, ಯಾರೂ ಗಮನಿಸದಿದ್ದರೆ ಹಣವೂ ಎರಡು ಸಲ ಪಾವತಿಯಾಗುತ್ತದೆ. ಲೆಕ್ಕಪತ್ರದ ಸಾಫ್ಟ್‌ವೇರ್ ಸ್ವತಃ ನಕಲು ಎಂಟ್ರಿಯನ್ನು ತಿರಸ್ಕರಿಸದಿದ್ದರೆ ಇದನ್ನು ತಡೆಯುವ ಹೊಣೆ ಈ ಹಂತಗಳ ಸರಣಿಯನ್ನು, ಅಂದರೆ ವರ್ಕ್‌ಫ್ಲೋವನ್ನು, ಕಟ್ಟುವವರದೇ: ಎಂಟ್ರಿಗೆ ಮೊದಲು ಅದೇ ಪೂರೈಕೆದಾರರ ಅದೇ ಬಿಲ್ ಸಂಖ್ಯೆ ಈಗಾಗಲೇ ಇದೆಯೇ ಎಂದು ಹುಡುಕುವ ಹಂತವೊಂದನ್ನು ಸೇರಿಸಲೇಬೇಕು. ಈ ಎಚ್ಚರಿಕೆ ಯಾವ ವೇದಿಕೆಯ ಜಾಹೀರಾತಿನಲ್ಲೂ ಎದ್ದು ಕಾಣುವುದಿಲ್ಲ ಎಂಬ ಕಾರಣಕ್ಕಾಗಿ ಇದನ್ನು ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

2011ರಲ್ಲಿ ಆರಂಭವಾದ ಜ್ಯಾಪಿಯರ್ ಇವುಗಳಲ್ಲಿ ಅತ್ಯಂತ ಸುಲಭವಾದದ್ದು. ಕೆಲಸವನ್ನು ಆರಂಭಿಸುವ ಒಂದು ಟ್ರಿಗರ್, ಅದರ ಹಿಂದೆ ಕೆಲವು ಆಕ್ಷನ್‌ಗಳು; ಕೋಡ್ ಬರೆಯಲು ಬಾರದವರೂ ಒಂದು ಮಧ್ಯಾಹ್ನದಲ್ಲಿ ಕೆಲಸ ಮಾಡುವ ಜ್ಯಾಪ್ (ಇಲ್ಲಿ ವರ್ಕ್‌ಫ್ಲೋಗೆ ಇರುವ ಹೆಸರು) ಕಟ್ಟಬಹುದು. ವಿಫಲವಾದ ಓಟವನ್ನು (ವರ್ಕ್‌ಫ್ಲೋ ಒಂದು ಸಲ ನಡೆಯುವುದೇ ಓಟ) ಇತಿಹಾಸದ ಪುಟದಲ್ಲಿ ಕಂಡು ಅಲ್ಲಿಂದಲೇ ಮತ್ತೆ ಓಡಿಸಲೂಬಹುದು. ಆದರೆ ಕವಲುಗಳು ಹೆಚ್ಚಾದಂತೆ ಹಂತಗಳ ಉದ್ದನೆಯ ಪಟ್ಟಿಯಲ್ಲಿ ಕಣ್ಣು ದಾರಿ ತಪ್ಪುತ್ತದೆ. ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸಬೇಕು: ಅನೇಕ ಟ್ರಿಗರ್‌ಗಳು ಆಗಾಗ ಹೋಗಿ ಹೊಸತೇನಾದರೂ ಬಂದಿದೆಯೇ ಎಂದು ನೋಡಿಕೊಂಡು ಬರುವ ಬಗೆಯವು, ಉಚಿತ ಯೋಜನೆಯಲ್ಲಿ ಆ ನೋಟಕ್ಕೆ 15 ನಿಮಿಷಗಳ ಅಂತರವಿರುತ್ತದೆ. ತಕ್ಷಣದ ಪ್ರತಿಕ್ರಿಯೆ ಬೇಕಾದಲ್ಲಿ ವೆಬ್‌ಹುಕ್ ಆಧಾರಿತ, ಅಂದರೆ ಆ್ಯಪ್ ತಾನಾಗಿಯೇ ಕೂಡಲೇ ಸುದ್ದಿ ಕಳುಹಿಸುವ ಟ್ರಿಗರ್ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮೇಕ್ ಹುಟ್ಟಿದ್ದು ಚೆಕ್ ದೇಶದಲ್ಲಿ, ಇಂಟಿಗ್ರೊಮ್ಯಾಟ್ ಎಂಬ ಹೆಸರಿನಲ್ಲಿ. 2020ರಲ್ಲಿ ಸೆಲೊನಿಸ್ ಸಂಸ್ಥೆ ಅದನ್ನು ಕೊಂಡುಕೊಂಡಿತು, 2022ರಲ್ಲಿ ಈಗಿನ ಹೆಸರು ಬಂತು. ಒಂದೊಂದು ಹಂತವನ್ನು ಸೂಚಿಸುವ ದುಂಡನೆಯ ಮಾಡ್ಯೂಲ್‌ಗಳನ್ನು ಗೆರೆಗಳಿಂದ ಜೋಡಿಸುವ ಅದರ ಪರದೆಯ ಮೇಲೆ ಇಡೀ ವರ್ಕ್‌ಫ್ಲೋ ಒಂದೇ ನೋಟಕ್ಕೆ ಕಾಣುತ್ತದೆ, ಯಾವ ಮಾಡ್ಯೂಲ್‌ಗೆ ಯಾವ ಮಾಹಿತಿ ಹೋಯಿತು, ಏನು ಬಂತು ಎಂಬುದನ್ನು ಅದರ ಮೇಲೆಯೇ ಕ್ಲಿಕ್ ಮಾಡಿ ನೋಡಬಹುದು. ದೋಷ ನಿರ್ವಹಣೆಯಲ್ಲಿ ಮೇಕ್ ತೋರಿಸಿರುವ ಶ್ರದ್ಧೆ ನನಗೆ ಬಹಳ ಮೆಚ್ಚುಗೆಯಾಗಿದೆ. ಇಗ್ನೋರ್, ರೆಸ್ಯೂಮ್, ಕಮಿಟ್, ರೋಲ್‌ಬ್ಯಾಕ್, ಬ್ರೇಕ್ ಎಂಬ ಐದು ನಿರ್ದೇಶನಗಳಲ್ಲಿ ಯಾವುದನ್ನಾದರೂ ಮಾಡ್ಯೂಲ್‌ಗೆ ಅಂಟಿಸಿ, ಅದು ಸೋತಾಗ ಏನಾಗಬೇಕೆಂದು ಮುಂಚಿತವಾಗಿಯೇ ಗೊತ್ತುಮಾಡಬಹುದು. ಇಲ್ಲಿ ಎರಡು ಸೂಕ್ಷ್ಮಗಳಿವೆ. ಅರ್ಧಕ್ಕೆ ನಿಂತ ಓಟಗಳನ್ನು ಉಳಿಸಿಕೊಳ್ಳುವ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ನಾವೇ ಚಾಲೂ ಮಾಡಿರಬೇಕು, ಇಲ್ಲವಾದರೆ ಓಟವನ್ನು ನಿಲ್ಲಿಸಿ ಮುಂದೆ ಮುಗಿಸಲು ಎತ್ತಿಡುವ ಬ್ರೇಕ್ ನಿರ್ದೇಶನದಿಂದ ಪ್ರಯೋಜನವಿಲ್ಲ. ಹಾಗೆಯೇ ರೋಲ್‌ಬ್ಯಾಕ್ ಎಂದೊಡನೆ ಎಲ್ಲವೂ ಹಿಂದಕ್ಕೆ ಬರುತ್ತದೆ ಎಂದು ನಂಬಬಾರದು. ವ್ಯವಹಾರವನ್ನು ಹಿಂತೆಗೆದುಕೊಳ್ಳಬಲ್ಲ ಮಾಡ್ಯೂಲ್‌ಗಳಲ್ಲಿ ಮಾತ್ರ ಅದು ನಡೆಯುತ್ತದೆ, ಕಳುಹಿಸಿಯಾದ ಇಮೇಲ್ ಮರಳಿ ಬರುವುದಿಲ್ಲ. ಮೇಕ್‌ನ ನಿಜವಾದ ಕೊರತೆ ಕಾಯುವುದರಲ್ಲಿದೆ. ಒಂದು ಓಟ ನಿಮಿಷಗಳ ಲೆಕ್ಕದಲ್ಲಿ ಮುಗಿಯಬೇಕಾಗಿರುವುದರಿಂದ, ಮ್ಯಾನೇಜರ್ ಎರಡು ದಿನ ಬಿಟ್ಟು ಒಪ್ಪಿಗೆ ಕೊಡುವಂಥ ಕೆಲಸವನ್ನು ಸಾಮಾನ್ಯವಾಗಿ ಎರಡು ತುಂಡು ಮಾಡಿ, ಎರಡನೆಯದನ್ನು ವೆಬ್‌ಹುಕ್‌ನಿಂದ ಎಬ್ಬಿಸಬೇಕಾಗುತ್ತದೆ.

ಒಪ್ಪಿಗೆಯ ವಿಷಯದಲ್ಲಿ ಪವರ್ ಆಟೋಮೇಟ್‌ನದು ಮೇಲುಗೈ. ಮೈಕ್ರೋಸಾಫ್ಟ್ ಫ್ಲೋ ಎಂಬ ಹೆಸರಿನಲ್ಲಿ 2016ರಲ್ಲಿ ಬಂದು 2019ರಲ್ಲಿ ಹೆಸರು ಬದಲಿಸಿಕೊಂಡ ಈ ವೇದಿಕೆಯಲ್ಲಿ ಒಪ್ಪಿಗೆ ಕೇಳುವುದು ಒಂದೇ ಹಂತದ ಕೆಲಸ. ಮ್ಯಾನೇಜರ್ ಔಟ್‌ಲುಕ್ ಅಥವಾ ಟೀಮ್ಸ್ ಬಿಟ್ಟು ಎಲ್ಲಿಗೂ ಹೋಗದೆ ಬಟನ್ ಒತ್ತಿ, ಷರಾ ಬರೆದು ಮುಗಿಸಬಹುದು. ಆದರೆ ಒಂದು ಓಟ 30 ದಿನಗಳಿಗಿಂತ ಹೆಚ್ಚು ಬದುಕುವುದಿಲ್ಲ, ಅಷ್ಟರಲ್ಲಿ ಉತ್ತರ ಬಾರದಿದ್ದರೆ ಟೈಮ್‌ಔಟ್ ಆಗುತ್ತದೆ. ಹೀಗಾಗಿ ಅದಕ್ಕೆ ಮೊದಲೇ ನೆನಪಿನ ಮೇಲ್ ಹೋಗುವಂತೆ ಮತ್ತು ಟೈಮ್‌ಔಟ್ ಆದಾಗ ಬೇರೆ ದಾರಿ ಹಿಡಿಯುವಂತೆ ಕಟ್ಟಬೇಕು. ಹಿಂದಿನ ಹಂತ ಗೆದ್ದರೆ, ಸೋತರೆ, ಬಿಟ್ಟುಹೋದರೆ, ಟೈಮ್‌ಔಟ್ ಆದರೆ ಎಂದು ಪ್ರತಿ ಹಂತಕ್ಕೂ ಷರತ್ತು ಹಾಕುವ ಸೌಲಭ್ಯವಿದೆ, ಅದು ಚೆನ್ನಾಗಿಯೂ ಇದೆ. ಎಪಿಐ (ಬೇರೆ ಸಾಫ್ಟ್‌ವೇರ್‌ಗಳು ನೇರವಾಗಿ ಸಂಪರ್ಕಿಸುವ ದಾರಿ) ಇಲ್ಲದ ಹಳೆಯ ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ಗಳಲ್ಲಿ ಮೌಸ್ ಮತ್ತು ಕೀಬೋರ್ಡ್ ಕೆಲಸವನ್ನು ತಾನೇ ಮಾಡುವ ಇದರ ಡೆಸ್ಕ್‌ಟಾಪ್ ಆವೃತ್ತಿಯನ್ನು 2021ರಲ್ಲಿ ವಿಂಡೋಸ್ 10 ಬಳಕೆದಾರರಿಗೆ ಹೆಚ್ಚುವರಿ ಶುಲ್ಕವಿಲ್ಲದೆ ಕೊಡಲಾಯಿತು. ಆದರೆ ಪರದೆಯ ವಿನ್ಯಾಸ ಬದಲಾದ ದಿನ ಅಂಥ ಆಟೋಮೇಷನ್ ನಿಂತುಹೋಗುವ ಸಂಭವವಿರುವುದರಿಂದ ಅದನ್ನು ಕೊನೆಯ ದಾರಿಯಾಗಿ ಮಾತ್ರ ಇಟ್ಟುಕೊಳ್ಳಬೇಕು. ಲೈಸೆನ್ಸ್ ನಿಯಮಗಳು ಗೋಜಲಾಗಿವೆ. ಆ್ಯಪ್‌ಗಳನ್ನು ಜೋಡಿಸುವ ಕನೆಕ್ಟರ್‌ಗಳಲ್ಲಿ ಯಾವುದು ಪ್ರೀಮಿಯಂ ಎಂಬುದನ್ನು ಕಟ್ಟುವ ಮೊದಲೇ ನೋಡಿಕೊಳ್ಳದಿದ್ದರೆ ಕೆಲಸ ಮುಗಿದ ಮೇಲೆ ಖರ್ಚು ಎದುರಾಗುತ್ತದೆ.

ಎನ್‌ಏಟ್‌ಎನ್ ಬರ್ಲಿನ್‌ನಿಂದ 2019ರಲ್ಲಿ ಬಂತು. ಸ್ವಂತ ಸರ್ವರ್‌ನಲ್ಲಿ ಡಾಕರ್ (ಸಾಫ್ಟ್‌ವೇರ್ ಅನ್ನು ಪೊಟ್ಟಣ ಕಟ್ಟಿ ನಡೆಸುವ ಸಾಧನ) ಮೂಲಕ ಇದನ್ನು ನಡೆಸಬಹುದಾದ್ದರಿಂದ ಗ್ರಾಹಕರ ಮಾಹಿತಿ ಹೊರಗಿನ ವೇದಿಕೆಯೊಂದರಲ್ಲಿ ಉಳಿಯಬಾರದು ಎನ್ನುವ ಸಂಸ್ಥೆಗಳಿಗೆ ಇದು ಸಹಜ ಆಯ್ಕೆ. ಮೂಲ ಕೋಡ್ ಎಲ್ಲರಿಗೂ ತೆರೆದಿದ್ದರೂ 2022ರಿಂದ ಜಾರಿಯಲ್ಲಿರುವ ಲೈಸೆನ್ಸ್ ಅದನ್ನೇ ಸೇವೆಯಾಗಿ ಮಾರಲು ಬಿಡುವುದಿಲ್ಲ. ಸಂಸ್ಥೆಯ ಒಳಗಿನ ಬಳಕೆಗೆ ಅಡ್ಡಿಯಿಲ್ಲ. ಸೋತ ಓಟವನ್ನು ಹಳೆಯ ವರ್ಕ್‌ಫ್ಲೋದಿಂದಲೇ ಅಥವಾ ತಿದ್ದಿ ಉಳಿಸಿದ ಹೊಸ ವರ್ಕ್‌ಫ್ಲೋದಿಂದ ಮತ್ತೆ ಓಡಿಸುವ ಆಯ್ಕೆಯನ್ನು ಇದು ಕೊಡುತ್ತದೆ, ಬಳಸಿದವರಿಗೆ ಅದರ ಬೆಲೆ ಗೊತ್ತು. ದೋಷ ಬಂದಾಗ ಮಾತ್ರ ಏಳುವ ಪ್ರತ್ಯೇಕ ವರ್ಕ್‌ಫ್ಲೋ ಒಂದನ್ನು ಬರೆದು ಉಳಿದೆಲ್ಲಕ್ಕೂ ಅದನ್ನೇ ಹೊಂದಿಸಬಹುದು. ಆದರೆ ಸ್ವಂತ ಸರ್ವರ್ ಎಂದಮೇಲೆ ಬ್ಯಾಕಪ್, ಅಪ್‌ಡೇಟ್, ಭದ್ರತೆ ಎಲ್ಲವೂ ಬಳಸುವವರ ತಲೆಯ ಮೇಲೆಯೇ ಬರುತ್ತವೆ. ಮುಖ್ಯವಾಗಿ ಪಾಸ್‌ವರ್ಡ್ ಮತ್ತು ಟೋಕನ್‌ಗಳನ್ನು ಗೂಢಲಿಪಿಯಲ್ಲಿಡುವ ಎನ್‌ಕ್ರಿಪ್ಷನ್ ಕೀಯನ್ನು ಬೇರೆಡೆ ಜೋಪಾನವಾಗಿಡಬೇಕು. ಅದು ಕಳೆದರೆ ಡೇಟಾಬೇಸ್‌ನ ಬ್ಯಾಕಪ್ ಇದ್ದರೂ ಎಲ್ಲ ಆ್ಯಪ್‌ಗಳ ಸಂಪರ್ಕವನ್ನು ಮೊದಲಿನಿಂದ ಕೊಡಬೇಕಾಗುತ್ತದೆ. ಡೇಟಾಬೇಸ್ ಆಗಿ ಮೊದಲಿಗೆ ಸಿಗುವ ಎಸ್‌ಕ್ಯೂಲೈಟ್ ಪ್ರಯೋಗಕ್ಕೆ ಸಾಕು, ಹೊರೆ ಹೆಚ್ಚಿರುವಲ್ಲಿ ಪೋಸ್ಟ್‌ಗ್ರೆಸ್‌ಗೆ ಹೋಗುವುದೇ ಸರಿ.

ಖರ್ಚಿನ ಎಣಿಕೆಯ ಕ್ರಮ ಒಂದೊಂದರಲ್ಲೂ ಬೇರೆ. 50 ಸಾಲುಗಳ ಬಿಲ್ ಒಂದರಲ್ಲಿ ಪ್ರತಿ ಸಾಲಿಗೂ ಮೂರು ಹಂತಗಳು ನಡೆಯಬೇಕಾದರೆ ಜ್ಯಾಪಿಯರ್ 150 ಟಾಸ್ಕ್‌ಗಳನ್ನು ಎಣಿಸುತ್ತದೆ, ಮೇಕ್‌ನಲ್ಲಿಯೂ ಮಾಡ್ಯೂಲ್‌ಗಳ ಓಟ ಸುಮಾರು ಅಷ್ಟೇ ಆಗುತ್ತದೆ, ಎನ್‌ಏಟ್‌ಎನ್‌ನ ಕ್ಲೌಡ್ ಸೇವೆ ಮಾತ್ರ ಅದೆಲ್ಲವನ್ನೂ ಒಂದೇ ಓಟವೆಂದು ಪರಿಗಣಿಸುತ್ತದೆ. ಸಾಲು ಸಾಲಾಗಿ ಮಾಹಿತಿ ಸಂಸ್ಕರಿಸುವವರಿಗೆ ಈ ವ್ಯತ್ಯಾಸ ದೊಡ್ಡದು.

ಪಿಡಿಎಫ್ ಓದುವ ಹಂತಕ್ಕೆ ಈಗ ಎಲ್ಲ ವೇದಿಕೆಗಳಲ್ಲೂ ಎಐ ಬಂದಿದೆ. ಓದಲು ಅದನ್ನು ಬಳಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಸಾಲುಗಳ ಮೊತ್ತವನ್ನು ಕೂಡಿ ಬಿಲ್‌ನ ಒಟ್ಟು ಮೊತ್ತದೊಂದಿಗೆ ತಾಳೆ ನೋಡುವ ಕೆಲಸವನ್ನು ಸಾಧಾರಣ ಗಣಿತದ ಹಂತವೇ ಮಾಡಬೇಕು, ತಾಳೆಯಾಗದ ಬಿಲ್ ಮನುಷ್ಯರ ಕೈಗೆ ಹೋಗಬೇಕು.

ಸಾಲ ಮಂಜೂರಾತಿ, ವಿಮೆಯ ಕ್ಲೇಮುಗಳಂತೆ ತಿಂಗಳುಗಟ್ಟಲೆ ನಡೆಯುವ, ಹಲವು ವಿಭಾಗಗಳನ್ನು ದಾಟುವ ಕೆಲಸಕ್ಕೆ ಈ ನಾಲ್ಕನ್ನೂ ನಾನು ಶಿಫಾರಸು ಮಾಡುವುದಿಲ್ಲ. ಅದಕ್ಕೆ ಕಮುಂಡಾದಂಥ ಪ್ರಕ್ರಿಯಾ ಎಂಜಿನ್ ಬೇಕು. ಪ್ರತಿ ಪ್ರಕರಣ ಯಾವ ಹಂತದಲ್ಲಿದೆ ಎಂಬುದನ್ನು ಅದು ಎಷ್ಟು ಕಾಲವಾದರೂ ನೆನಪಿಟ್ಟುಕೊಳ್ಳುತ್ತದೆ, ಸಿಕ್ಕಿಬಿದ್ದ ಪ್ರಕರಣವನ್ನು ನಕ್ಷೆಯ ಮೇಲೆಯೇ ತೋರಿಸುತ್ತದೆ. ಡೆವಲಪರ್‌ಗಳಿಲ್ಲದ ಸಂಸ್ಥೆಗೆ ಅದು ಕೈಗೆಟುಕುವುದಿಲ್ಲ, ಅದರ ಎಂಟನೇ ಆವೃತ್ತಿಯನ್ನು ಸ್ವಂತ ಸರ್ವರ್‌ನಲ್ಲಿ ನಿಜವಾದ ವ್ಯವಹಾರಕ್ಕೆ ಬಳಸಲು ಈಗ ಲೈಸೆನ್ಸ್ ಪಡೆಯಬೇಕು. ಆದರೂ ಅದರ ಒಂದು ಅನುಕೂಲ ಉಳಿದವುಗಳಲ್ಲಿ ಇಲ್ಲ. ಮೇಕ್ ಮತ್ತು ಎನ್‌ಏಟ್‌ಎನ್‌ಗಳಿಂದ ವರ್ಕ್‌ಫ್ಲೋವನ್ನು ಜೆಸನ್ ಎಂಬ ಪಠ್ಯ ರೂಪದ ಕಡತವಾಗಿ ಹೊರತೆಗೆಯಬಹುದಾದರೂ ಅದು ಆಯಾ ವೇದಿಕೆಗೇ ಅರ್ಥವಾಗುವಂಥದ್ದು. ಜ್ಯಾಪ್ ಒಂದನ್ನು ಬೇರೆಡೆಗೆ ಒಯ್ಯಬೇಕೆಂದರೆ ಮತ್ತೆ ಮೊದಲಿನಿಂದ ಕಟ್ಟಬೇಕು. ಕಮುಂಡಾ ಬಳಸುವ, ಪ್ರಕ್ರಿಯೆಗಳನ್ನು ಚಿತ್ರಿಸುವ ಬಿಪಿಎಂಎನ್ 2.0 ಎಂಬ ನಕ್ಷಾ ಪದ್ಧತಿಯು 2013ರಿಂದ ಐಎಸ್‌ಒ ಮಾನದಂಡವೂ ಆಗಿರುವುದರಿಂದ, ಎಂಜಿನ್‌ಗೆ ಅಂಟಿಕೊಂಡ ತಾಂತ್ರಿಕ ವಿವರಗಳನ್ನು ತಿದ್ದಬೇಕಾಗಿ ಬಂದರೂ ಪ್ರಕ್ರಿಯೆಯ ನಕ್ಷೆಯನ್ನು ಬೇರೆ ಎಂಜಿನ್‌ಗೆ ಒಯ್ಯಲು ದಾರಿಯಿದೆ.