ನಾಲ್ಕು ಮಳೆಗಾಲ ಕಂಡ ಫ್ಲೈ ಕಟ್ಟುವ ಕಿಟ್: ವೈಸ್ ಗಟ್ಟಿ, ಮಣಿ ಮಾತ್ರ ಬೇರೆ ತಗೊಳ್ಳಿ

ಈ ಕಿಟ್ ತರಿಸಿದ್ದು 2021ರ ಜೂನ್‌ನಲ್ಲಿ, ಆನ್‌ಲೈನ್‌ನಲ್ಲಿ, 3,400 ರೂಪಾಯಿಗೆ. ಸುಂಟಿಕೊಪ್ಪ ಹತ್ತಿರ ನಮ್ಮ ಕಾಫಿ ತೋಟ. ಮಳೆ ಹಿಡಿದರೆ ಸಂಜೆ ಐದಕ್ಕೆಲ್ಲ ಮನೆ ಸೇರಬೇಕು. ಆ ಸಂಜೆಗಳಲ್ಲೇ ಕೂತು ಕಲಿತೆ. ಈವರೆಗೆ ಐನೂರಕ್ಕೂ ಜಾಸ್ತಿ ಫ್ಲೈ ಕಟ್ಟಿದ್ದೇನೆ, ಹೆಚ್ಚಿನವು ಮಣಿ ತಲೆಯವು.

ಗೊತ್ತಿಲ್ಲದವರಿಗೆ ಒಂದು ಮಾತು. ಎರೆಹುಳು ಸಿಕ್ಕಿಸುವ ಬದಲು ಗಾಳದ ಮೇಲೆ ಗರಿ, ದಾರ ಸುತ್ತಿ ಹುಳದ ಹಾಗೆ ಮಾಡುವುದೇ ಫ್ಲೈ. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನೊಳಗೇ ಬೆಳೆಯುತ್ತದೆ, ಮೀನು ಅದನ್ನು ತಳದಲ್ಲೇ ಹುಡುಕಿ ತಿನ್ನುತ್ತದೆ. ಬರೀ ಗರಿ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ತಲೆಗೊಂದು ಮಣಿ ಇದ್ದರೆ ಇಳಿಯುತ್ತದೆ. ದಾರ ಎಳೆದರೆ ತಲೆ ಎತ್ತುತ್ತದೆ, ಬಿಟ್ಟರೆ ತಲೆ ತಗ್ಗಿಸುತ್ತದೆ. ಆ ಕುಣಿತಕ್ಕೇ ಮೀನು ಬರುವುದು.

ಮೊದಲು ವೈಸ್, ಅಂದರೆ ಕಟ್ಟುವಾಗ ಗಾಳವನ್ನು ಕಚ್ಚಿ ಹಿಡಿಯುವ ಇಕ್ಕಳ. ನಮ್ಮ ಊಟದ ಮೇಜು ಹಲಸಿನ ಮರದ್ದು, ದಪ್ಪ. ಆದರೂ ಕ್ಲ್ಯಾಂಪ್ ಗಟ್ಟಿಯಾಗಿ ಕೂತಿತು. 10, 12, 14ನೇ ನಂಬರಿನ ಗಾಳ ಅಲ್ಲಾಡದೆ ನಿಲ್ಲುತ್ತದೆ (ನಂಬರು ಹೆಚ್ಚಿದಷ್ಟೂ ಗಾಳ ಚಿಕ್ಕದು). 16 ಮಾತ್ರ ಜಾರುತ್ತಿತ್ತು. ಎರಡನೇ ಮಳೆಗಾಲಕ್ಕೆ ತುಕ್ಕು ಶುರುವಾಯಿತು. ಅಂದಿನಿಂದ ವಾರಕ್ಕೊಮ್ಮೆ ಹೊಲಿಗೆ ಮಷಿನ್ ಎಣ್ಣೆ ಒರೆಸುತ್ತೇನೆ, ಮತ್ತೆ ಹಿಡಿದಿಲ್ಲ. ಕತ್ತರಿ ಚೆನ್ನಾಗಿದೆ. ದಾರದ ಉಂಡೆ ಹಿಡಿಯುವ ಬಾಬಿನ್ ಬೇಡ. ಅದರ ನಳಿಗೆಯ ಅಂಚು ಒರಟು, ಇನ್ನೇನು ಮುಗಿಯಿತು ಅನ್ನುವಾಗಲೇ ದಾರ ಕತ್ತರಿಸಿಬಿಡುತ್ತದೆ. ಪಿಂಗಾಣಿ ನಳಿಗೆಯದ್ದು ಬೇರೆ ತಗೊಂಡೆ.

ಈಗ ಮಣಿ ವಿಷಯ. ಬರೆಯಲು ಕೂತದ್ದೇ ಇದಕ್ಕೆ. ಒಳ್ಳೆಯ ಮಣಿಗೆ ಒಂದು ಕಡೆ ತೂತು ಚಿಕ್ಕದು, ಇನ್ನೊಂದು ಕಡೆ ಅಗಲ. ಗಾಳದ ಮೊನೆಗೆ ಚಿಕ್ಕ ತೂತನ್ನು ಮೊದಲು ಪೋಣಿಸಬೇಕು. ಹಿಂದಿನ ಅಗಲದಿಂದಾಗಿ ಮಣಿ ಬಾಗಿನಲ್ಲಿ ಸಲೀಸಾಗಿ ತಿರುಗಿ, ದಾರ ಕಟ್ಟುವ ಕಣ್ಣಿನ ಹತ್ತಿರ ಹೋಗಿ ನಿಲ್ಲುತ್ತದೆ. ಕಿಟ್‌ನಲ್ಲಿ ಬಂದ ಐವತ್ತು ಹಿತ್ತಾಳೆ ಮಣಿಗಳಲ್ಲಿ ಹದಿನೇಳಕ್ಕೆ ಎರಡೂ ಕಡೆ ಒಂದೇ ಅಳತೆ. ಬಾಗಿನಲ್ಲೇ ಸಿಕ್ಕಿಕೊಂಡವು. ಉಳಿದವುಗಳ ಚಿನ್ನದ ಬಣ್ಣ ಒಂದೇ ಸೀಸನ್‌ಗೆ ಸುಲಿದುಹೋಯಿತು.

ಮಣಿ ಖಾಲಿಯಾದ ದಿನ ಅವ್ವ ತಮ್ಮ ಕರಿಮಣಿ ಡಬ್ಬಿ ತಂದು ಮುಂದಿಟ್ಟರು. "ಇದು ಆಗ್ತದಾ ನೋಡು ಮಗ" ಅಂದರು. ದಪ್ಪ ಕಾಳು ಆರಿಸಿ 14ಕ್ಕೆ ಪೋಣಿಸಿದೆ. ಗಾಜು ಹಗುರ, ನಿಧಾನವಾಗಿ ಇಳಿಯುತ್ತದೆ. ನಮ್ಮ ತೋಟದ ಕೆರೆಯ ಅಂಚಿನಲ್ಲಿ ಮೊಣಕಾಲುದ್ದ ನೀರಿಗೆ ಸಂಜೆ ಗೆಂಡೆ ಮೀನು ಬರುತ್ತವೆ ಅಲ್ವಾ, ಅಲ್ಲಿ ಹಿತ್ತಾಳೆಗಿಂತ ಕರಿಮಣಿಯೇ ವಾಸಿ. ಇವತ್ತಿಗೂ ಅದನ್ನೇ ಹಾಕುತ್ತೇನೆ.

ಆಳಕ್ಕೆ ಟಂಗ್‌ಸ್ಟನ್ ಮಣಿ ತರಿಸಿದೆ. ಇಪ್ಪತ್ತೈದಕ್ಕೆ 480 ರೂಪಾಯಿ. ಜಾಸ್ತಿ ಅನಿಸುತ್ತದೆ, ನಿಜ. ಆದರೆ ತೂಕ ನೋಡಿ: ಹಿತ್ತಾಳೆ ನೀರಿಗಿಂತ ಸುಮಾರು 8.5 ಪಟ್ಟು ಭಾರ, ಸೀಸ 11.3 ಪಟ್ಟು, ಟಂಗ್‌ಸ್ಟನ್ 19.3 ಪಟ್ಟು. ಭಾರಕ್ಕೆಂದು, ನೀರಿಗೆ ವಿಷವಾಗುವ ಸೀಸದ ತಂತಿ ಸುತ್ತುವ ಅಗತ್ಯವೇ ಇಲ್ಲ. 14ನೇ ಗಾಳಕ್ಕೆ 2.8 ಮಿ.ಮೀ., 12ಕ್ಕೆ 3.2 ಸರಿಹೋಗುತ್ತದೆ.

ನಾನು ಕಟ್ಟುವುದು ಹೀಗೆ. ಮೊದಲು ಕಟ್ಟಿಂಗ್ ಪ್ಲೇಯರ್‌ನಲ್ಲಿ ಗಾಳದ ಮುಳ್ಳು, ಅಂದರೆ ಮೊನೆಯ ಹಿಂದೆ ಉಲ್ಟಾ ಚಾಚಿದ ಚೂಪು, ಒತ್ತಿ ಚಪ್ಪಟೆ ಮಾಡಿಬಿಡುತ್ತೇನೆ. ಮುಳ್ಳಿದ್ದರೆ ಮಣಿ ತೂರುವುದಿಲ್ಲ, ಮೀನನ್ನು ಬಿಡಿಸುವಾಗ ಬಾಯಿಯೂ ಹರಿಯುತ್ತದೆ. (ಕಿಟ್‌ನ ಗಾಳಗಳು ಒತ್ತಿದರೆ ಮುರಿಯುತ್ತವೆ, ಬೇರೆ ತಗೊಳ್ಳಿ.) ಮಣಿಯ ಬೆನ್ನಿಗೆ ದಾರ ಒತ್ತೊತ್ತಾಗಿ ಸುತ್ತಿ, ಅದನ್ನೇ ಅಗಲ ತೂತಿನೊಳಗೆ ಉಗುರಿನಿಂದ ತಳ್ಳುತ್ತೇನೆ. ಆಮೇಲೆ ಮಣಿ ಲೊಡಲೊಡ ಅನ್ನುವುದಿಲ್ಲ. ಬಾಲಕ್ಕೆ ನಾಟಿ ಹುಂಜದ ಗರಿಯ ನಾಲ್ಕು ಎಳೆ. ಮೈಗೆ ತೋಟದಲ್ಲಿ ಉದುರಿ ಬಿದ್ದ ನವಿಲುಗರಿಯ ಎಳೆ. ಅದು ಬಹಳ ನಾಜೂಕು, ಮೀನು ಕಚ್ಚಿದರೆ ಕಿತ್ತು ಬರುತ್ತದೆ. ಅದಕ್ಕೇ ಸುಟ್ಟ ಪಂಪ್ ಮೋಟರಿನ ತಾಮ್ರದ ತಂತಿಯನ್ನು ಮೇಲಿಂದ ಉಲ್ಟಾ ದಿಕ್ಕಿನಲ್ಲಿ ಸುತ್ತಬೇಕು. ಎಳೆ ಬಲಕ್ಕೆ ಸುತ್ತಿದ್ದರೆ ತಂತಿ ಎಡಕ್ಕೆ. ಮಣಿಯ ಹಿಂದೆ ಗಂಟು, ಮೇಲೊಂದು ತೊಟ್ಟು ನೈಲ್ ಪಾಲಿಶ್. ಹೀಗೆ ಕಟ್ಟಿದ ಒಂದು ಫ್ಲೈಗೆ ಇಪ್ಪತ್ತೆರಡು ಗೆಂಡೆ ಸಿಕ್ಕಿವೆ, ಅದಿನ್ನೂ ಪೆಟ್ಟಿಗೆಯಲ್ಲಿದೆ.

ಕಿಟ್‌ನ ಗರಿಗಳಿಗೆ ಮೊದಲ ಆಗಸ್ಟ್‌ನಲ್ಲೇ ಬೂಷ್ಟು ಬಂತು. ಕೊಡಗಿನ ಥಂಡಿಗೆ ಪ್ಲಾಸ್ಟಿಕ್ ಕವರ್ ಸಾಲದು. ಈಗ ನಮ್ಮ ಹುಂಜದ ಗರಿಯನ್ನೇ ಶಾಂಪೂ ಹಾಕಿ ತೊಳೆದು, ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿ ಬಿಸ್ಕೆಟ್ ಡಬ್ಬಿಯಲ್ಲಿ ಇಡುತ್ತೇನೆ. ಕಾಡುಕೋಳಿಯ ಕುತ್ತಿಗೆ ಗರಿ ಮಾತ್ರ ಯಾರೇ ಕೊಟ್ಟರೂ ಮುಟ್ಟಬೇಡಿ. ಫ್ಲೈ ಕಟ್ಟುವವರು ಅದಕ್ಕೆ ಜೀವ ಬಿಡುತ್ತಾರೆ, ಗೊತ್ತು. ಆದರೆ ಅದು ಕಾನೂನಿನ ರಕ್ಷಣೆ ಇರುವ ಹಕ್ಕಿ, ಕಾಡಿನಲ್ಲೇ ಇರಲಿ.

ಮುಳ್ಳಿನ ವಿಷಯ ಮತ್ತೆ ಹೇಳುತ್ತೇನೆ. ಕಾವೇರಿಯ ಡುಬ್ಬದ ಮಹಶೀರ್ ಮೀನು ಯಾವ ಜಾತಿ ಅಂತ ಖಚಿತವಾದದ್ದೇ 2018ರಲ್ಲಿ, ಟಾರ್ ರೆಮಾದೇವಿ ಅಂತ. ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಪರ್ಮಿಟ್ ತಗೊಂಡು ಹೊಳೆಗೆ ಹೋದಾಗ ಅಂಥದ್ದು ಕಚ್ಚಿದರೆ, ನೀರಿನಿಂದ ಎತ್ತದೆ ಅಲ್ಲೇ ಬಿಡಿಸಿ ಕಳಿಸಬೇಕು. ಮುಳ್ಳಿಲ್ಲದ ಗಾಳ ಬೆರಳು ತಿರುಗಿಸಿದರೆ ಕಳಚಿಕೊಳ್ಳುತ್ತದೆ.

ಹೋದ ವರ್ಷ ವೈಸಿನ ಬಾಯಲ್ಲಿ ಸಣ್ಣ ತಗ್ಗು ಬಿತ್ತು. ಬಿಡಿ ಭಾಗಕ್ಕಾಗಿ ಮಾರಿದವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಕುಶಾಲನಗರದ ಲೇತ್ ಅಂಗಡಿಯಲ್ಲಿ 150 ರೂಪಾಯಿಗೆ ಉಜ್ಜಿ ಸಮ ಮಾಡಿಕೊಟ್ಟರು. ಈಗ 16ನೇ ನಂಬರೂ ಜಾರುವುದಿಲ್ಲ.