ಕಮೋಡಿನ ಮುಂದಿನ ಕಾಲುಮಣೆ: 2 ತಿಂಗಳ ಬಳಕೆಯ ನಂತರ

ಮೂರೂವರೆ ವರ್ಷದ ಮಗಳಿಗೆ 4 ದಿನಕ್ಕೊಮ್ಮೆ ಕಕ್ಕ. ಅದೂ ಅತ್ತು ಕರೆದು. ಕಮೋಡಿನ ಮೇಲೆ ಕೂತರೆ ಕಾಲು ಗಾಳಿಯಲ್ಲಿ ತೂಗಾಡುತ್ತಿತ್ತು, ತಿಣುಕಲು ಆಸರೆಯೇ ಇಲ್ಲ. 450 ರೂಪಾಯಿಗೆ ಈ ಪ್ಲಾಸ್ಟಿಕ್ ಕಾಲುಮಣೆ ತರಿಸಿದೆ. ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ, ಅಜ್ಜಿ ಮನೆಯ ಇಂಡಿಯನ್ ಕಕ್ಕಸಿನಲ್ಲಿ ಕುಕ್ಕರುಗಾಲಲ್ಲಿ ಕೂತ ಹಾಗೆ. ಎತ್ತರ ಸರಿಯಿದೆ, ಅಡಿಯ ರಬ್ಬರ್ ಬುಷ್‌ಗಳು ಮಾತ್ರ ಮೂರನೇ ವಾರಕ್ಕೇ ಕಿತ್ತುಬಂದವು, ಒದ್ದೆ ನೆಲದಲ್ಲಿ ಜಾರುತ್ತದೆ. ಸದ್ಯಕ್ಕೆ ಹಳೇ ಕಾಲೊರೆಸು ಹಾಸಿದ್ದೇನೆ.

ಮಣೆಯೊಂದೇ ಪವಾಡ ಮಾಡಿತು ಅಂದರೆ ಸುಳ್ಳು. ಡಾಕ್ಟರು ಹೇಳಿದಂತೆ ದಿನಕ್ಕೆ 4 ಲೋಟ ಇದ್ದ ಹಾಲನ್ನು 2ಕ್ಕೆ ಇಳಿಸಿದೆವು (ಅತ್ತೆಯವರಿಗೆ ಇನ್ನೂ ಬೇಸರ). ಹಾಲಲ್ಲಿ ನಾರಿಲ್ಲ, ಅದರಲ್ಲೇ ಹೊಟ್ಟೆ ತುಂಬಿ ಊಟ ಸೇರುತ್ತಿರಲಿಲ್ಲ. ಈಗ ರಾತ್ರಿ ನೆನೆಸಿದ ಒಣದ್ರಾಕ್ಷಿ ಕಿವುಚಿ ಕೊಡುತ್ತೇನೆ. ಸಂಜೆ ಪರಂಗಿ ಹಣ್ಣು, ಅನ್ನಕ್ಕೆ ಬಸಳೆ ಹುಳಿ, ಆಗಾಗ ನೀರು. ತಿಂಡಿ ತಿಂದ ಮೇಲೆ ಕರುಳು ತಾನೇ ಚುರುಕಾಗುತ್ತದೆ, ಆಗಲೇ 5 ನಿಮಿಷ ಮಣೆ ಮೇಲೆ ಕಾಲಿಡಿಸಿ ಕೂರಿಸುವುದು. ಬೈಯುವಂತಿಲ್ಲ; ಹೆದರಿದರೆ ಇನ್ನೂ ಬಿಗಿಹಿಡಿಯುತ್ತಾಳೆ.

ಈಗ ಹೆಚ್ಚುಕಡಿಮೆ ದಿನಾ ಆಗುತ್ತಿದೆ. 5ಕ್ಕೆ ಮೂರೂವರೆ ಸ್ಟಾರ್; ಉಳಿದ ಒಂದೂವರೆ ಆ ರಬ್ಬರಿಗೆ ಕಡಿತ.