ಮೊನಾರ್ಕ್ ಚಿಟ್ಟೆಗಳ ದಕ್ಷಿಣಯಾನ ಮನೆಯಿಂದಲೇ: ಜರ್ನಿ ನಾರ್ತ್ ನಕ್ಷೆಯನ್ನು ಎಷ್ಟು ನಂಬಬಹುದು?

ಉತ್ತರ ಅಮೆರಿಕದ ಮೊನಾರ್ಕ್ ಚಿಟ್ಟೆಗಳು ಆಗಸ್ಟ್ ಕೊನೆಗೆ ಕೆನಡಾ ಗಡಿಯ ಕಡೆಯಿಂದ ಹೊರಟು, ನವೆಂಬರ್ ಮೊದಲ ವಾರದ ಹೊತ್ತಿಗೆ ಮೆಕ್ಸಿಕೋದ ಮಿಚೋಆಕಾನ್ ಬೆಟ್ಟಗಳನ್ನು ಮುಟ್ಟುತ್ತವೆ. ಈ ಪಯಣವನ್ನು ಮನೆಯಲ್ಲೇ ಕೂತು ನೋಡುವವರಿಗೆ ಸದ್ಯಕ್ಕೆ ಜರ್ನಿ ನಾರ್ತ್ ಜಾಲತಾಣದ ನಕ್ಷೆಗಿಂತ ಒಳ್ಳೆಯದು ಇಲ್ಲ. 1994ರಲ್ಲಿ ಶುರುವಾದ ಯೋಜನೆ ಇದು. ಕಾಸು ಕೊಡಬೇಕಿಲ್ಲ. ನಕ್ಷೆ ನೋಡಲು ಖಾತೆಯೂ ಬೇಡ, ವರದಿ ಹಾಕುವವರು ಮಾತ್ರ ಹೆಸರು ನೋಂದಾಯಿಸಬೇಕು. ಜನ ಕಂಡದ್ದನ್ನು ಬರೆಯುತ್ತಾರೆ, ಅದು ನಕ್ಷೆಯ ಮೇಲೆ ಚುಕ್ಕೆಯಾಗುತ್ತದೆ, ಚುಕ್ಕೆಯ ಬಣ್ಣ ತಾರೀಖನ್ನು ಹೇಳುತ್ತದೆ. ವ್ಯವಸ್ಥೆ ಇಷ್ಟೇ. ಆದರೆ ಓದುವ ಬಗೆ ಗೊತ್ತಿಲ್ಲದಿದ್ದರೆ ಮೂರೇ ದಿನಕ್ಕೆ ಬೇಸರ ಬಂದು ಬಿಟ್ಟುಬಿಡುತ್ತೀರಿ.

ಹೊಸಬರು ಮೊದಲು ಎಡವುವುದು ಯಾವ ನಕ್ಷೆ ತೆರೆಯಬೇಕು ಎಂಬಲ್ಲಿ. ಹೆಚ್ಚಿನವರು ‘ಮೊನಾರ್ಕ್ ಕಂಡಿತು’ ಎಂಬ ಸಾಮಾನ್ಯ ನಕ್ಷೆ ತೆರೆದು, ಅರ್ಧ ಅಮೆರಿಕ ಚುಕ್ಕೆಗಳಿಂದ ತುಂಬಿರುವುದನ್ನು ನೋಡಿ ಗಲಿಬಿಲಿಗೊಳ್ಳುತ್ತಾರೆ. ಸೆಪ್ಟೆಂಬರಿನಲ್ಲಿ ಒಂದು ಚಿಟ್ಟೆ ಕಂಡಿತು ಎಂದರೆ ಅದು ಪಯಣಕ್ಕೆ ಹೊರಟದ್ದೋ, ಆ ಊರಿನಲ್ಲೇ ಇನ್ನೂ ಮೊಟ್ಟೆ ಇಡುತ್ತಿರುವುದೋ ಹೇಳಲಾಗದು. ಶರತ್ಕಾಲದಲ್ಲಿ ತೆರೆಯಬೇಕಾದದ್ದು ‘ರೂಸ್ಟ್’ ನಕ್ಷೆ, ಅಂದರೆ ರಾತ್ರಿ ತಂಗುವ ಮರಗಳದ್ದು. ಬೇಸಿಗೆಯ ಚಿಟ್ಟೆಗಳು ಒಂಟೊಂಟಿಯಾಗಿ ಮಲಗುತ್ತವೆ. ದಕ್ಷಿಣಕ್ಕೆ ಹೊರಟ ತಲೆಮಾರು ಮಾತ್ರ ಸಂಜೆಗೆ ಒಂದೇ ಮರಕ್ಕೆ ಗುಂಪುಗೂಡುತ್ತದೆ. ಆದ್ದರಿಂದ ಆ ನಕ್ಷೆಯ ಚುಕ್ಕೆಗೆ ಅರ್ಥವಿದೆ. ಅದರ ಜೊತೆಗೆ ‘ಪೀಕ್ ಮೈಗ್ರೇಷನ್’, ಅಂದರೆ ಪಯಣ ಭರದಲ್ಲಿರುವುದನ್ನು ತೋರಿಸುವ ನಕ್ಷೆಯನ್ನು ಇನ್ನೊಂದು ಕಿಟಕಿಯಲ್ಲಿ ಇಟ್ಟುಕೊಂಡರೆ ಸಾಕು. ಮೊಟ್ಟೆ, ಮರಿಹುಳುವಿನ ನಕ್ಷೆಗಳು ವಸಂತಕ್ಕೆ ಬೇಕಾಗುತ್ತವೆ, ಈಗ ಬೇಡ.

ಯಾವ ವಾರ ಎಲ್ಲಿ ನೋಡಬೇಕು ಎಂಬುದಕ್ಕೆ ಅಕ್ಷಾಂಶವೇ ಪಂಚಾಂಗ. ಮಿನಿಯಾಪೊಲಿಸ್ ಇರುವ 45 ಡಿಗ್ರಿಯಲ್ಲಿ ಸೆಪ್ಟೆಂಬರ್ ಮೊದಲ ವಾರದ ಆಸುಪಾಸು, ಕಾನ್ಸಾಸ್ ಸಿಟಿಯ 39 ಡಿಗ್ರಿಯಲ್ಲಿ ಸೆಪ್ಟೆಂಬರ್ ಮೂರನೇ ವಾರ, ಓಕ್ಲಹೋಮದಲ್ಲಿ ತಿಂಗಳ ಕೊನೆ, ಸ್ಯಾನ್ ಆಂಟೋನಿಯೋದಲ್ಲಿ ಅಕ್ಟೋಬರ್ ನಡುಭಾಗ. ಇದರ ಹಿಂದಿನ ಲೆಕ್ಕ ಸೂರ್ಯನದ್ದು: ಒಂದು ಊರಿನಲ್ಲಿ ನಡುಹಗಲ ಸೂರ್ಯನ ಎತ್ತರ ದಿಗಂತದಿಂದ ಸುಮಾರು 57 ಡಿಗ್ರಿಗೆ ಇಳಿದಾಗ ಮುಂಚೂಣಿಯ ಗುಂಪು ಅಲ್ಲಿ ಕಾಣಿಸಿಕೊಳ್ಳುತ್ತದೆ. ಇಡೀ ಖಂಡವನ್ನು ಒಟ್ಟಿಗೆ ನೋಡುವ ಬದಲು ಆ ವಾರದ ಅಕ್ಷಾಂಶದ ಪಟ್ಟಿಗೆ ನಕ್ಷೆಯನ್ನು ಹಿಗ್ಗಿಸಿಕೊಂಡು ಒಂದೊಂದು ಚುಕ್ಕೆ ಒತ್ತಿ. ಸಂಖ್ಯೆ, ತಾರೀಖು, ಬರೆದವರ ಟಿಪ್ಪಣಿ ಸಿಗುತ್ತವೆ. ನಿಜವಾದ ಸರಕು ಇರುವುದು ಟಿಪ್ಪಣಿಯಲ್ಲಿ. ‘ಪೀಕನ್ ಮರ, ಉತ್ತರದ ಗಾಳಿಗೆ ಮರೆ, ಸುಮಾರು 400’ ಎಂದು ಬರೆದವರ ಒಂದು ಚುಕ್ಕೆ, ಏನೂ ಬರೆಯದ ಇಪ್ಪತ್ತಕ್ಕೆ ಸಮ.

ಈಗ ಎಲ್ಲಕ್ಕಿಂತ ಮುಖ್ಯ ಮಾತು. ಚುಕ್ಕೆ ಹೆಚ್ಚಿದರೆ ಚಿಟ್ಟೆ ಹೆಚ್ಚು ಸಾಗಿದವು ಎಂದುಕೊಳ್ಳಬೇಡಿ. ಎಷ್ಟೋ ಸಲ ವಿಷಯ ತಲೆಕೆಳಗು. ದಕ್ಷಿಣದಿಂದ ಎದುರುಗಾಳಿ ಬೀಸಿದರೆ, ಮಳೆ ಹಿಡಿದರೆ, ಇಲ್ಲವೇ ಉಷ್ಣಾಂಶ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮೊನಾರ್ಕ್ ಹಾರುವುದಿಲ್ಲ. ಅದೇ ತೋಪಿನಲ್ಲಿ ಎರಡು ಮೂರು ರಾತ್ರಿ ಕಳೆಯುತ್ತದೆ, ಹಿಂದಿನಿಂದ ಬಂದವೂ ಬಂದು ಸೇರುತ್ತವೆ, ಜನ ದಿನಾ ನೋಡಿ ದಿನಾ ವರದಿ ಹಾಕುತ್ತಾರೆ. ನಕ್ಷೆ ಕೆಂಡದಂತೆ ಹೊಳೆಯುತ್ತದೆ, ಚಿಟ್ಟೆಗಳು ಮಾತ್ರ ನಿಂತಲ್ಲೇ ನಿಂತಿರುತ್ತವೆ. ಆಮೇಲೆ ಒಂದು ಶೀತಮಾರುತ ದಾಟಿ ಗಾಳಿ ಉತ್ತರದಿಂದ ಬೀಸತೊಡಗಿದೊಡನೆ, ಬಿಸಿಗಾಳಿಯ ಸುಳಿಯನ್ನೇರಿ ಹದ್ದಿನಂತೆ ಮೇಲಕ್ಕೆ ಹೋಗಿ, ರೆಕ್ಕೆ ಬಡಿಯದೆ ತೇಲುತ್ತಾ ಸಾಗುತ್ತವೆ, ಬರಿಗಣ್ಣಿಗೆ ಕಾಣದಷ್ಟು ಎತ್ತರದಲ್ಲಿ. ಅತಿ ಹೆಚ್ಚು ದೂರ ಕ್ರಮಿಸಿದ ದಿನ ನಕ್ಷೆ ಬಣಗುಟ್ಟುವುದು ಇದಕ್ಕೇ. ಹಾಗಾಗಿ ಈ ನಕ್ಷೆಯನ್ನು ಒಂಟಿಯಾಗಿ ನೋಡಬಾರದು. ಪಕ್ಕದಲ್ಲಿ ವಿಂಡಿಯಂಥ ಯಾವುದಾದರೂ ಗಾಳಿ ನಕ್ಷೆ ಇರಲಿ. ನೆಬ್ರಾಸ್ಕಾ, ಕಾನ್ಸಾಸ್ ಮೇಲೆ ಬಾಣಗಳು ಕೆಳಮುಖವಾದ ದಿನ ಗುರುತು ಹಾಕಿಕೊಂಡು, ಮುಂದಿನ ಎರಡು ಮೂರು ಸಂಜೆ ಓಕ್ಲಹೋಮ, ಉತ್ತರ ಟೆಕ್ಸಾಸನ್ನು ಕಾಯಿರಿ. ಗುಂಪು ಎಲ್ಲಿ ಇಳಿಯಿತು ಎಂದು ಆಗ ತಿಳಿಯುತ್ತದೆ.

ಎರಡನೇ ಕೊರತೆ: ಈ ನಕ್ಷೆ ಚಿಟ್ಟೆಗಳದ್ದೆಷ್ಟೋ ಮನುಷ್ಯರದ್ದೂ ಅಷ್ಟೇ. ಶಿಕಾಗೊ, ಟೊರಾಂಟೊ, ಡಲ್ಲಾಸ್–ಆಸ್ಟಿನ್ ಸುತ್ತ ಚುಕ್ಕೆ ದಟ್ಟ. ಪಶ್ಚಿಮ ಕಾನ್ಸಾಸಿನ ಬಯಲಿನಲ್ಲಿ ವರದಿ ಹಾಕಲು ಜನವೇ ವಿರಳ. ಶನಿವಾರ, ಭಾನುವಾರ ಚುಕ್ಕೆ ಏರುವುದಕ್ಕೆ ಚಿಟ್ಟೆಗಳಲ್ಲ, ರಜೆ ಕಾರಣ. ಆದ್ದರಿಂದ ಒಂದು ಊರನ್ನು ಇನ್ನೊಂದು ಊರಿನ ಜೊತೆ ತೂಗಬೇಡಿ. ಅದೇ ಊರಿನ ಅದೇ ವಾರವನ್ನು ಹಿಂದಿನ ವರ್ಷಗಳ ನಕ್ಷೆಯೊಂದಿಗೆ ಹೋಲಿಸಿ. ಹಳೆಯ ನಕ್ಷೆಗಳೂ ಅಲ್ಲೇ ಸಿಗುತ್ತವೆ, ಈ ಸೇವೆಯ ದೊಡ್ಡ ಆಸ್ತಿ ಅದೇ.

ಕರ್ನಾಟಕದಲ್ಲಿ ಕೂತು ನೋಡುವವರಿಗೆ ಒಂದು ಅನುಕೂಲ ಇದೆ. ಟೆಕ್ಸಾಸಿನ ಸಂಜೆ 7 ಗಂಟೆ ಎಂದರೆ ಇಲ್ಲಿ ಮರುದಿನ ಬೆಳಗಿನ 5.30. ಅಲ್ಲಿ ಚಿಟ್ಟೆಗಳು ಮರ ಹಿಡಿಯುವ ಹೊತ್ತಿಗೆ ಇಲ್ಲಿ ಡಿಕಾಕ್ಷನ್ ಇಳಿಯುತ್ತಿರುತ್ತದೆ. ಬೆಳಗಿನ ಕಾಫಿಯ ಹೊತ್ತಿಗೆ ಆ ಸಂಜೆಯ ವರದಿಗಳು ಬರತೊಡಗುತ್ತವೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿದ ಮೇಲೆ ಒಂದು ಗಂಟೆ ತಡ ಎಂದುಕೊಳ್ಳಿ.

ಡಲ್ಲಾಸ್, ಆಸ್ಟಿನ್, ನ್ಯೂಜೆರ್ಸಿ ಕಡೆ ನೆಲೆಸಿದ ಕನ್ನಡಿಗರು ನೋಡಿ ಸುಮ್ಮನಾಗದೆ ವರದಿಯನ್ನೂ ಹಾಕಬೇಕು, ಮನೆಯ ಹಿತ್ತಿಲೇ ಸಾಕು. ಸೂರ್ಯ ಮುಳುಗುವ ಒಂದು ಗಂಟೆ ಮೊದಲು ಹೊರಗೆ ಬನ್ನಿ. ಗಾಳಿಗೆ ಮರೆಯಾದ, ಹತ್ತಿರದಲ್ಲಿ ಹೂವಿರುವ ಮರಗಳನ್ನು ನೋಡಿ. ಪೀಕನ್, ಓಕ್, ಪೈನ್ ಹೆಚ್ಚು. ಮುಚ್ಚಿದ ರೆಕ್ಕೆಯ ಹೊರಮೈ ಮಾಸಲು ಬಣ್ಣದ್ದು, ಆದ್ದರಿಂದ ಗುಂಪು ಒಣಗಿದ ಎಲೆಗಳ ಗೊಂಚಲಿನಂತೆ ಕಾಣುತ್ತದೆ. ಕಣ್ಣು ಎಷ್ಟೋ ಸಲ ಅದರ ಮೇಲೆ ಹಾದುಹೋಗಿಬಿಡುತ್ತದೆ. ಇಳಿಬಿಸಿಲು ತಾಗಿದಾಗ ಒಂದು ಚಿಟ್ಟೆ ರೆಕ್ಕೆ ಬಿಚ್ಚುತ್ತದೆ, ಪಕ್ಕದ್ದೂ ಬಿಚ್ಚುತ್ತದೆ, ಎಲೆಯೆಂದುಕೊಂಡದ್ದೆಲ್ಲ ಕಿತ್ತಳೆಯಾಗುತ್ತದೆ. ಎಣಿಸುವುದು ಹೀಗೆ: ಒಂದು ಕೊಂಬೆಯಲ್ಲಿರುವುದನ್ನು ನಿಜವಾಗಿ ಎಣಿಸಿ, ಅಂಥ ಕೊಂಬೆಗಳೆಷ್ಟು ಎಂದು ನೋಡಿ ಗುಣಿಸಿ. ‘ಸಾವಿರಾರು’ ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಹಗಲಿನಲ್ಲಿ ಹಾರುವುದನ್ನು ಕಂಡರೆ 15 ನಿಮಿಷ ಒಂದೇ ಕಡೆ ನಿಂತು, ದಾಟಿದವೆಷ್ಟು, ಯಾವ ದಿಕ್ಕಿಗೆ, ಗಾಳಿ ಎಲ್ಲಿಂದ ಎಂದು ಬರೆಯಿರಿ. ಮರ ಅಲುಗಿಸಬೇಡಿ, ಟಾರ್ಚ್ ಬಿಡಬೇಡಿ. ತಣ್ಣಗಾದ ಚಿಟ್ಟೆ ನೆಲಕ್ಕೆ ಬಿದ್ದರೆ ಮೇಲೇರಲಾಗದೆ ಇರುವೆಗೆ, ಇಲಿಗೆ ತುತ್ತು.

ಗುರುತಿಸುವಲ್ಲಿ ಎರಡು ತಪ್ಪು ಸಾಮಾನ್ಯ. ಹಿಂದಿನ ರೆಕ್ಕೆಗೆ ಅಡ್ಡವಾಗಿ ಒಂದು ಕಪ್ಪು ಗೆರೆ ಇದ್ದರೆ ಅದು ವೈಸ್‌ರಾಯ್ ಎಂಬ ಬೇರೆ ಚಿಟ್ಟೆ. ಟೆಕ್ಸಾಸಿನಲ್ಲಿ ಕಂದು ಛಾಯೆಯ, ಮುಂದಿನ ರೆಕ್ಕೆಯಲ್ಲಿ ಬಿಳಿ ಚುಕ್ಕೆ ಚೆಲ್ಲಿದ್ದು ಕ್ವೀನ್ ಎಂಬ ಇನ್ನೊಂದು ಚಿಟ್ಟೆ. ರೆಕ್ಕೆ ಮುಚ್ಚಿದಾಗ ಪಕ್ಕದಿಂದ ಒಂದು ಚಿತ್ರ ತೆಗೆದು ಹಾಕಿಬಿಟ್ಟರೆ ಚರ್ಚೆಯೇ ಇಲ್ಲ.

ಬೇರೆ ಸೇವೆಗಳ ಮಾತು. ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಶುರುವಾದ ಮೊನಾರ್ಕ್ ವಾಚ್, ರೆಕ್ಕೆಗೆ ಅಂಟಿಸುವ ಪುಟ್ಟ ದುಂಡು ಚೀಟಿಗಳನ್ನು 25ರ ಕಟ್ಟುಗಳಲ್ಲಿ ಮಾರುತ್ತದೆ. ಹಿಂದಿನ ರೆಕ್ಕೆಯ ಕೆಳಮೈಯಲ್ಲಿ ಕೈಗವಸಿನ ಆಕಾರದ ದೊಡ್ಡ ಕೋಶವೊಂದಿದೆ, ಚೀಟಿ ಅಲ್ಲೇ ಕೂರಬೇಕು. ಬೆರಳಿನಿಂದ ಕಿತ್ತರೆ ಚರ್ಮದ ಜಿಡ್ಡು ಅಂಟಿಗೆ ತಾಗಿ ದಾರಿಯಲ್ಲೇ ಉದುರುತ್ತದೆ; ಹಲ್ಲುಕಡ್ಡಿಯ ತುದಿಯಿಂದ ಎತ್ತಿಟ್ಟು, ಆಮೇಲೆ ಮೃದುವಾಗಿ ಒತ್ತಿ. ಚೀಟಿಯ ಮೇಲಿನ ಸಂಕೇತ, ತಾರೀಖು, ಗಂಡೋ ಹೆಣ್ಣೋ, ಹಿಡಿದದ್ದೋ ಸಾಕಿದ್ದೋ, ಇಷ್ಟನ್ನು ಬರೆದು ಕಳಿಸದಿದ್ದರೆ ಅಂಟಿಸಿದ್ದೇ ದಂಡ. (ಹಿಂದಿನ ರೆಕ್ಕೆಯ ನರದ ಮೇಲೆ ಕಪ್ಪು ಬೊಟ್ಟಿದ್ದರೆ ಗಂಡು.) ಕೆಲಸ ಘನವಾದದ್ದೇ, ಆದರೆ ‘ನೋಡುವ’ ಆಸೆಯವರಿಗೆ ಇದು ಸರಿಹೊಂದದು. ನೀವು ಅಂಟಿಸಿದ ಚೀಟಿ ಮೆಕ್ಸಿಕೋದಲ್ಲಿ ಸಿಕ್ಕರೂ ಸುದ್ದಿ ತಿಂಗಳುಗಳ ನಂತರ.

ಆ ತಿಂಗಳುಗಟ್ಟಲೆ ಕಾಯುವಿಕೆಯನ್ನು ತಪ್ಪಿಸಿದ್ದು ಪ್ರಾಜೆಕ್ಟ್ ಮೊನಾರ್ಕ್ ಆ್ಯಪ್. ಸುಮಾರು 60 ಮಿಲಿಗ್ರಾಂ ತೂಕದ, ಬಿಸಿಲಿನಿಂದ ನಡೆಯುವ ಟ್ರಾನ್ಸ್‌ಮಿಟರನ್ನು ಅರ್ಧ ಗ್ರಾಂ ತೂಗುವ ಚಿಟ್ಟೆಯ ಬೆನ್ನಿಗೆ ಅಂಟಿಸುತ್ತಾರೆ. ದಾರಿಯಲ್ಲಿ ಸಿಗುವ ಜನರ ಫೋನುಗಳ ಬ್ಲೂಟೂತ್ ಅದರ ಸದ್ದು ಹಿಡಿಯುತ್ತದೆ. ಒಂದೊಂದು ಚಿಟ್ಟೆಯ ಹಾದಿಯೇ ಫೋನಿನಲ್ಲಿ ಗೆರೆಯಾಗಿ ಕಾಣುತ್ತದೆ, ಗಾಳಿ ತಳ್ಳಿದ ಕಡೆಗೆ ವಾಲಿದ್ದು, ಮತ್ತೆ ಸರಿದಾರಿಗೆ ಬಂದದ್ದು ಸಹಿತ. ಜರ್ನಿ ನಾರ್ತ್ ಗುಂಪನ್ನು ತೋರಿಸಿದರೆ ಇದು ಒಂಟಿ ಪಯಣಿಗನನ್ನು ತೋರಿಸುತ್ತದೆ. ಎರಡನ್ನೂ ಇಟ್ಟುಕೊಳ್ಳಿ. ಆದರೆ ಜನವಿಲ್ಲದ ಕಡೆ ಫೋನೂ ಇಲ್ಲ, ಗೆರೆ ಅಲ್ಲಿ ತುಂಡಾಗುತ್ತದೆ, ಮೇಲೆ ಹೇಳಿದ ಅದೇ ಕಾಯಿಲೆ.

ಹವಾಮಾನ ರೇಡಾರಿನಲ್ಲಿ ನೋಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. 2014ರ ಸೆಪ್ಟೆಂಬರಿನಲ್ಲಿ ಸೇಂಟ್ ಲೂಯಿಸ್ ರೇಡಾರಿನ ವಿಚಿತ್ರ ಮೋಡವನ್ನು ಅಲ್ಲಿನ ಹವಾಮಾನ ಕಚೇರಿ ಮೊನಾರ್ಕ್ ಎಂದಿತ್ತು. 2017ರ ಅಕ್ಟೋಬರಿನಲ್ಲಿ ಡೆನ್ವರಿನಲ್ಲಿ ಮೊದಲು ಹಕ್ಕಿ ಎಂದುಕೊಂಡದ್ದು ಕೊನೆಗೆ ಪೇಂಟೆಡ್ ಲೇಡಿ ಚಿಟ್ಟೆಗಳಾಗಿದ್ದವು. ವೃತ್ತಿಯವರೇ ತಡವರಿಸುವ ಕಡೆ ನಾವು ಕೈಹಾಕದಿರುವುದು ಮೇಲು.

ಪಯಣ ಮುಗಿದದ್ದು ನಕ್ಷೆಯಲ್ಲಿ ಗೊತ್ತಾಗುವುದು ಅಕ್ಟೋಬರ್ ಕೊನೆಗೆ, ಉತ್ತರ ಮೆಕ್ಸಿಕೋದ ಚುಕ್ಕೆಗಳು ಮೂಡಿದಾಗ. ಸತ್ತವರ ಹಬ್ಬದ ಹೊತ್ತಿಗೆ, ನವೆಂಬರ್ 1–2ರ ಸುಮಾರಿಗೆ, ಎಲ್ ರೊಸಾರಿಯೋ, ಸಿಯೆರಾ ಚಿಂಕುವಾ ಕಾಡುಗಳ ಓಯಮೆಲ್ ಎಂಬ ಫರ್ ಜಾತಿಯ ಮರಗಳಿಗೆ ಮೊದಲ ಗುಂಪುಗಳು ಬರುತ್ತವೆ. ಒಟ್ಟು ಎಷ್ಟು ಬಂದವು ಎಂಬ ಲೆಕ್ಕಕ್ಕೆ ಚುಕ್ಕೆಗಳನ್ನು ಕೇಳಬೇಡಿ. ಅದನ್ನು ಮೆಕ್ಸಿಕೋದಲ್ಲಿ ಚಿಟ್ಟೆ ಮುತ್ತಿದ ಕಾಡಿನ ಹೆಕ್ಟೇರಿನಲ್ಲಿ ಅಳೆಯುತ್ತಾರೆ: 2013–14ರಲ್ಲಿ 0.67, 2023–24ರಲ್ಲಿ 0.90, 2024–25ರಲ್ಲಿ 1.79.

ನವೆಂಬರ್ ನಡುವಿನ ನಂತರವೂ ಟೆಕ್ಸಾಸ್, ಫ್ಲೋರಿಡಾ ಕರಾವಳಿಯಲ್ಲಿ ಚುಕ್ಕೆಗಳು ಬೀಳುತ್ತಲೇ ಇರುತ್ತವೆ. ಅವನ್ನು ‘ಹಿಂದುಳಿದ ಪಯಣಿಗರು’ ಎಂದು ಓದಬೇಡಿ. ಅಲ್ಲಿನ ಕೈತೋಟಗಳಲ್ಲಿ ಕೆಂಪು-ಹಳದಿ ಹೂವಿನ ಉಷ್ಣವಲಯದ ಮಿಲ್ಕ್‌ವೀಡ್ ಚಳಿಗಾಲದಲ್ಲೂ ಹಸಿರಾಗಿರುತ್ತದೆ. ಅದನ್ನು ಕಂಡ ಚಿಟ್ಟೆ ಅಲ್ಲೇ ಮೊಟ್ಟೆಯಿಟ್ಟು ನಿಂತುಬಿಡುತ್ತದೆ, ಗಿಡ ಬಾಡದ ಕಾರಣ ಎಲೆಯ ಮೇಲೆ ಓಇ ಎಂಬ ಪರಾವಲಂಬಿಯ ಬೀಜಾಣುಗಳೂ ಕೂಡಿಕೊಳ್ಳುತ್ತಾ ಹೋಗುತ್ತವೆ. ಅಲ್ಲಿರುವವರು ಅಕ್ಟೋಬರಿನಲ್ಲೇ ಆ ಗಿಡವನ್ನು ನೆಲದಿಂದ ಗೇಣುದ್ದಕ್ಕೆ ಕತ್ತರಿಸಿಬಿಡಬೇಕು. ಎಕ್ಕದ ಬಳಗಕ್ಕೆ ಸೇರಿದ ಇದೇ ಗಿಡ ನಮ್ಮ ಕಡೆಯೂ ತೋಟಗಳಲ್ಲಿ, ನೀರಿನ ಬದಿಯಲ್ಲಿ ಬೆಳೆಯುತ್ತದೆ. ಅದರ ಮೇಲೆ ಇಲ್ಲಿ ಮೊಟ್ಟೆಯಿಡುವುದು ಪ್ಲೇನ್ ಟೈಗರ್ ಚಿಟ್ಟೆ, ಮೊನಾರ್ಕಿನದೇ ದಾಯಾದಿ.